ಖಳನಿಗೂ ಒಂದು ಪದ್ಯ

ಕೊಲೆಯೂ ಕೋರ್ಟೂ ಇರುವ ಒಂದು ಟೀವಿ ಧಾರಾವಾಹಿಯನ್ನು ನೆನಪು ಮಾಡಿಕೊಳ್ಳಿ. ನೋಡಿ ವರ್ಷಗಳೇ ಕಳೆದಿದ್ದರೂ ಅಡ್ಡಿಯಿಲ್ಲ. ಮೊದಲು ಕಣ್ಣಮುಂದೆ ಬರುವ ಮುಖ ಯಾರದು? ನ್ಯಾಯಾಧೀಶರದ್ದಲ್ಲ, ಪೊಲೀಸರದ್ದೂ ಅಲ್ಲ. ಸತ್ತವನ ಹೆಸರಂತೂ ಮರೆತೇ ಹೋಗಿರುತ್ತದೆ. ಕಟಕಟೆಯಲ್ಲಿ ನಿಂತು ಸಣ್ಣಗೆ ನಕ್ಕವನ ಮುಖ ಮಾತ್ರ ಅಚ್ಚು ಒತ್ತಿದ ಹಾಗೆ ಉಳಿದಿರುತ್ತದೆ. ಹೌದೋ ಅಲ್ಲವೋ? ಕೆಟ್ಟವನನ್ನು ಇಷ್ಟು ಜತನದಿಂದ ನೆನಪಿಟ್ಟುಕೊಳ್ಳುವ ನಾವೇನು ಕೆಟ್ಟವರಲ್ಲ. ಅವನನ್ನು ನೋಡುತ್ತ ನೋಡುತ್ತ ನಮಗೆ ಏನೋ ತಿಳಿದಿರುತ್ತದೆ, ಅದಕ್ಕೇ ಅವನು ಉಳಿದಿರುತ್ತಾನೆ ಎಂದು ನನ್ನ ನಂಬಿಕೆ. ಏನು ತಿಳಿದಿರುತ್ತದೆ ಎನ್ನುವುದಕ್ಕೆ ಅವಸರ ಬೇಡ. ಕವಳದ ಬಟ್ಟಲು ಈಚೆ ತಳ್ಳಿ, ಆರಾಮಾಗಿ ಕೂತು ಮಾತಾಡೋಣ.

ಅಮೆರಿಕದ ಒಂದು ಧಾರಾವಾಹಿ ಇದೆ, ‘ಲಾ ಆ್ಯಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ ಅಂತ. 1999ರಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಲೇ ಇದೆ. ಅದರಲ್ಲಿ 2013ರಲ್ಲಿ ವಿಲಿಯಂ ಲೂಯಿಸ್ ಎಂಬ ಖಳ ಕಾಲಿಟ್ಟ. ಪಾಬ್ಲೊ ಶ್ರೈಬರ್ ಎಂಬ ನಟ ಮಾಡಿದ ಪಾತ್ರ. ಹಿಂಸೆಯಲ್ಲೇ ಸುಖ ಕಾಣುವ ಕೊಲೆಗಡುಕ. ಕಥಾನಾಯಕಿ ಒಲಿವಿಯಾ ಬೆನ್ಸನ್ ಎಂಬ ಪತ್ತೇದಾರಿ ಅಧಿಕಾರಿಯನ್ನೇ ಅಪಹರಿಸಿ ಹಿಂಸಿಸುತ್ತಾನೆ. ಸಿಕ್ಕಿಬೀಳುತ್ತಾನೆ, ವಿಚಾರಣೆ ಶುರುವಾಗುತ್ತದೆ. ಆಗ ಅವನು ಮಾಡಿದ್ದೇನು ಗೊತ್ತೇ? ವಕೀಲರು ಬೇಡ, ನನ್ನ ಕೇಸು ನಾನೇ ನಡೆಸುತ್ತೇನೆ ಎಂದು ಎದ್ದು ನಿಂತ. ಅಂದರೆ ಅವನ ಕೈಯಿಂದ ಜೀವ ಉಳಿಸಿಕೊಂಡು ಬಂದ ಹೆಂಗಸು ಸಾಕ್ಷಿಕಟ್ಟೆಯಲ್ಲಿ, ಅವಳನ್ನು ಪಾಟೀಸವಾಲು ಮಾಡುವವನು ಅವನೇ. ಕೈಗೆ ಹಗ್ಗವಿಲ್ಲ, ಚಾಕುವಿಲ್ಲ. ಬರೇ ಪ್ರಶ್ನೆಗಳು. ರಕ್ತ ಹರಿದ ದೃಶ್ಯಗಳಿಗಿಂತ ಹೆಚ್ಚು ಮೈ ನಡುಗಿಸುವುದು ಆ ದೃಶ್ಯವೇ.

ಇಂಥದ್ದನ್ನು ನಮ್ಮ ಕಡೆಯ ಯಾವ ದೊಡ್ಡಮ್ಮನ ಮುಂದೆ ಇಟ್ಟರೂ ಅವರು ಕೇಳುವುದು ಒಂದೇ ಮಾತು: “ಜಡ್ಜು ಅಂವಂಗೆ ಎಂತಕ್ಕೆ ಮಾತಾಡಲೆ ಬಿಟ್ಟಿದ್ದ, ತಮಾ?” ಸಣ್ಣ ಪ್ರಶ್ನೆಯಲ್ಲ ಇದು. ಕಾನೂನು ಕಾಲೇಜಿನಲ್ಲಿ ಒಂದು ವರ್ಷ ಪಾಠ ಮಾಡುವಷ್ಟು ಸರಕು ಇದರೊಳಗಿದೆ. ನಮ್ಮ ಸಂವಿಧಾನವನ್ನೇ ನೋಡಿ. ಬಂಧನಕ್ಕೊಳಗಾದ ಯಾರಿಗೇ ಆಗಲಿ, ತನಗೆ ಬೇಕಾದ ವಕೀಲರನ್ನು ಕಂಡು ಅವರ ಮೂಲಕ ವಾದ ಮಾಡಿಸುವ ಹಕ್ಕಿದೆ ಎನ್ನುತ್ತದೆ 22ನೇ ವಿಧಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಎಂದು ಆರೋಪಿಯನ್ನು ಬಲವಂತ ಮಾಡುವ ಹಾಗಿಲ್ಲ ಎನ್ನುತ್ತದೆ 20ನೇ ವಿಧಿಯ ಮೂರನೇ ಭಾಗ. ಇವೆರಡಕ್ಕಿಂತ ನನಗೆ ಹೆಚ್ಚು ಹತ್ತಿರವಾದದ್ದು ದಂಡ ಪ್ರಕ್ರಿಯಾ ಸಂಹಿತೆಯ 313ನೇ ಸೆಕ್ಷನ್. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351 ಆಗಿದೆ. ಪ್ರಾಸಿಕ್ಯೂಷನ್ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯ ಕಡೆ ತಿರುಗಿ, ನಿನ್ನ ವಿರುದ್ಧ ಹೀಗೆ ಹೀಗೆ ಬಂದಿದೆ, ಇದಕ್ಕೆ ನೀನೇನು ಹೇಳುತ್ತೀ ಎಂದು ಒಂದೊಂದಾಗಿ ಕೇಳಲೇಬೇಕು. ಪ್ರಮಾಣ ಮಾಡಿಸುವ ಹಾಗಿಲ್ಲ. ಉತ್ತರ ಕೊಡದಿದ್ದರೂ, ಸುಳ್ಳೇ ಹೇಳಿದರೂ ಅದಕ್ಕಾಗಿ ಬೇರೆ ಶಿಕ್ಷೆಯಿಲ್ಲ. ಎಂಥ ವಿಶಾಲ ಮನಸ್ಸು ನೋಡಿ! ಇಡೀ ಊರು ಬೆರಳು ತೋರಿಸುತ್ತಿರುವಾಗ, ನಿನ್ನ ಮಾತೇನು ಎಂದು ಕೇಳುವ ಒಬ್ಬರು ಅಲ್ಲಿ ಕೂತಿರುತ್ತಾರೆ.

ಹಾಗೆಂದು ಮಾತಾಡುವ ಹಕ್ಕು ಚುಚ್ಚುವ ಹಕ್ಕೂ ಆಗಬಾರದು. ಅಲ್ಲಿಯೂ ನಮ್ಮ ಕಾನೂನು ಕಣ್ಣು ತೆರೆದೇ ಇದೆ. ಅವಮಾನಿಸುವ, ಸುಮ್ಮನೆ ನೋಯಿಸುವ ಪ್ರಶ್ನೆಗಳನ್ನು ತಡೆಯುವ ಜವಾಬ್ದಾರಿ ನ್ಯಾಯಾಧೀಶರದ್ದು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದು 2012ರಲ್ಲಿ ಬಂದ ಪೋಕ್ಸೊ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳುತ್ತಾರೆ. ಲೂಯಿಸನಂಥವನ ಬಾಯಿಗೂ ಮಗುವಿನ ಕಿವಿಗೂ ನಡುವೆ ಒಬ್ಬ ಹಿರಿಯರನ್ನು ಕೂರಿಸಿದ ಈ ಏರ್ಪಾಡನ್ನು ಓದಿದಾಗ, ಇದನ್ನು ಬರೆದವರು ಮಕ್ಕಳನ್ನು ಹತ್ತಿರದಿಂದ ಕಂಡವರೇ ಇರಬೇಕು ಎನ್ನಿಸಿತು.

ಟೀವಿಯ ಕೋರ್ಟಿಗೂ ನಿಜದ ಕೋರ್ಟಿಗೂ ದೂರ ಇದ್ದೇ ಇದೆ. ನಮ್ಮ ಕಡೆಯ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳಲ್ಲಿ ಕೋರ್ಟುಗಳಿವೆ. ಬೇಲಿ ತಕರಾರು, ಪಾಲುಪಟ್ಟಿ, ಚೆಕ್ ಬೌನ್ಸು, ಜೀವನಾಂಶ ಎಂದು ಜನ ಚೀಲದಲ್ಲಿ ಕಾಗದ ಕಟ್ಟಿಕೊಂಡು ಬಸ್ಸಿಳಿಯುತ್ತಾರೆ. ಕೊಲೆಯಂಥ ದೊಡ್ಡ ಕೇಸುಗಳನ್ನು ಮ್ಯಾಜಿಸ್ಟ್ರೇಟರು ಸೆಷನ್ಸ್ ಕೋರ್ಟಿಗೆ ಒಪ್ಪಿಸಬೇಕು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇರುವುದು ಕಾರವಾರದಲ್ಲಿ. ಅಲ್ಲಿ ಯಾರೂ ಮೇಜು ಕುಟ್ಟಿ ಕೂಗುವುದಿಲ್ಲ. ಮಾತು ನಿಧಾನ, ಟೈಪು ನಿಧಾನ, ಮುಂದಿನ ತಾರೀಕು ಇನ್ನೂ ನಿಧಾನ. 1957ರಿಂದ 1966ರವರೆಗೆ ಅಮೆರಿಕದಲ್ಲಿ ಓಡಿದ ‘ಪೆರಿ ಮೇಸನ್’ ಧಾರಾವಾಹಿಯಲ್ಲಿ ಪಾಟೀಸವಾಲಿನ ಬಿಸಿ ತಾಳದೆ ನಿಜವಾದ ಕೊಲೆಗಾರ ತುಂಬಿದ ಕೋರ್ಟಿನಲ್ಲೇ ತಪ್ಪು ಒಪ್ಪಿಕೊಳ್ಳುವುದು ವಾಡಿಕೆ. ನಮ್ಮ ಕಡೆ ಕೋರ್ಟಿಗೆ ಹೋಗಿಬರುವವರನ್ನು ಕೇಳಿ ನೋಡಿ. ಹಾಗೆ ಒಪ್ಪಿಕೊಂಡವರನ್ನು ಅವರ್ಯಾರೂ ಕಂಡಿರಲಾರರು.

ಆದರೂ ಕನ್ನಡದಲ್ಲಿ ಆ ನಿಧಾನವನ್ನೇ ಪ್ರೀತಿಸಿದ ಒಬ್ಬರು ಇದ್ದಾರಲ್ಲ, ಟಿ.ಎನ್. ಸೀತಾರಾಂ! 1998ರಲ್ಲಿ ಚಂದನದಲ್ಲಿ ‘ಮಾಯಾಮೃಗ’ ಬಂತು. ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಗೂಡಿ ಅವರು ನಿರ್ದೇಶಿಸಿದ್ದು. ಆಮೇಲೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, 2018ರಲ್ಲಿ ‘ಮಗಳು ಜಾನಕಿ’. ಕರಿಕೋಟು ತೊಟ್ಟ ವಕೀಲ ಸಿಎಸ್‌ಪಿಯಾಗಿ ಅವರೇ ಬಂದು ನಿಂತರೆ ಮನೆಯಲ್ಲಿ ಸದ್ದು ಅಡಗುತ್ತಿತ್ತು. ಒಲೆಯ ಮೇಲಿನ ಸಾರಿಗೆ ಒಗ್ಗರಣೆ ಕಾಯುತ್ತಿತ್ತು. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಅಂದು ಎಲ್ಲರೂ ಬೇಗ ಬೇಗ ಒಳಗೆ ತರುತ್ತಿದ್ದರು. ಆ ಕೋರ್ಟಿನ ಸೊಗಸು ಏನೆಂದರೆ, ಸಿಎಸ್‌ಪಿ ಕೂಗುತ್ತಿರಲಿಲ್ಲ. ಸಾಕ್ಷಿ ಹೇಳಿದ್ದನ್ನು ಪೂರ್ತಿ ಕೇಳಿ, ಅದರಲ್ಲೇ ಒಂದು ಎಳೆ ಹಿಡಿದು ಮೆತ್ತಗೆ ಎಳೆಯುತ್ತಿದ್ದರು. ಎದುರು ಪಕ್ಷದ ವಕೀಲರಿಗೂ ಬಲವಾದ ವಾದ ಇರುತ್ತಿತ್ತು. ನೋಡುತ್ತ ಕೂತವರಲ್ಲಿ ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ. ಮರುದಿನ ಹಾಲಿನ ಡೇರಿಯ ಮುಂದೆ ವಾದ ಮುಂದುವರಿಯುತ್ತಿತ್ತು. ಕಾನೂನು ಓದದವರೂ ‘ಅದು ಸಾಂದರ್ಭಿಕ ಸಾಕ್ಷ್ಯ ಆಯ್ತಲ್ಲ’ ಎಂದು ಸಲೀಸಾಗಿ ಆಡತೊಡಗಿದ ಕಾಲ ಅದು.

ಟೀವಿ ಎಂದ ಮೇಲೆ ಹೊನ್ನಾವರದವರಾದ ನಾವು ಶಂಕರ್‌ನಾಗ್ ಹೆಸರು ತೆಗೆಯದೆ ಮುಂದೆ ಹೋಗುವುದುಂಟೇ? ನಾಗರಕಟ್ಟೆ ಮನೆತನದ ಬೇರು ಇರುವುದು ಭಟ್ಕಳ ತಾಲೂಕಿನ ಶಿರಾಲಿ ಕಡೆ. ಶಂಕರ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದಲ್ಲಿ. ‘ಮಾಲ್ಗುಡಿ ಡೇಸ್’ ಮಾಡಿ ದೇಶಕ್ಕೆ ದೇಶವನ್ನೇ ಆಗುಂಬೆಯ ಬೀದಿಗೆ ಕರೆದು ತಂದವರು. ಅದಕ್ಕೂ ಸ್ವಲ್ಪ ಮೊದಲು ಅವರು ‘ಆಕ್ಸಿಡೆಂಟ್’ ಎಂಬ ಸಿನಿಮಾ ನಿರ್ದೇಶಿಸಿದರು. ಅಮಲಿನಲ್ಲಿ ಕಾರು ಓಡಿಸುವ ದೊಡ್ಡವರ ಮಗ, ಫುಟ್‌ಪಾತಿನಲ್ಲಿ ಮಲಗಿದ್ದ ಬಡವರು, ಬೆನ್ನುಹತ್ತುವ ಪತ್ರಕರ್ತ, ಮುಚ್ಚಿಹೋಗುವ ಕೇಸು. ಪತ್ರಕರ್ತನಾಗಿ ಶಂಕರ್, ಆ ಮಗನ ತಂದೆ ರಾಜಕಾರಣಿ ಧರ್ಮಾಧಿಕಾರಿಯಾಗಿ ಅಣ್ಣ ಅನಂತ್‌ನಾಗ್. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ನನ್ನನ್ನು ಬಹಳ ದಿನ ಕಾಡಿದ್ದು ಕಾರು ಓಡಿಸಿದ ಹುಡುಗನಿಗಿಂತ ಹೆಚ್ಚಾಗಿ ಅವನ ಅಪ್ಪ. ಅನಂತ್‌ನಾಗ್ ಆ ಪಾತ್ರದಲ್ಲಿ ಕಣ್ಣು ಕೆಂಪಗೆ ಮಾಡುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಮನೆಯ ಯಜಮಾನ ಮನೆಯ ವ್ಯವಹಾರ ನೋಡಿಕೊಳ್ಳುವ ಶಾಂತಿಯಲ್ಲೇ ಸತ್ತವರ ಲೆಕ್ಕ ಅಳಿಸಲು ಕೂರುತ್ತಾರೆ. ಚಾಕು ಹಿಡಿದವನನ್ನು ಹಿಡಿಯಬಹುದು, ಫೋನು ಹಿಡಿದವನನ್ನು ಹಿಡಿಯುವುದು ಹೇಗೆ? ಕೋರ್ಟಿನ ಬಾಗಿಲವರೆಗೂ ಬಾರದೆ ಉಳಿಯುವ ಖಳ ಅವನು. ಶಂಕರ್, ಅನಂತ್ ಇಬ್ಬರೂ ನಮ್ಮ ಕರಾವಳಿಯ ನೆಂಟರೇ, ಒಬ್ಬ ಪ್ರಶ್ನೆ ಕೇಳುವವನು, ಇನ್ನೊಬ್ಬ ಉತ್ತರ ತಪ್ಪಿಸುವವನು. ಒಡಹುಟ್ಟಿದವರು ಎದುರುಬದುರಾಗಿ ನಿಂತು ನ್ಯಾಯ ಅನ್ಯಾಯ ಆಡಿ ತೋರಿಸುವುದು ನಮಗೆ ಹೊಸದಲ್ಲ ಎನ್ನಿ. ಯಕ್ಷಗಾನ ಮೇಳಗಳಲ್ಲಿ ಅಣ್ಣ ಕೌರವ, ತಮ್ಮ ಭೀಮ ಆದದ್ದನ್ನು ನೋಡುತ್ತಲೇ ಬೆಳೆದವರು ನಾವು.

ನೋಡಿ, ಮೇಳದ ಸುದ್ದಿಗೆ ಬಂದೇಬಿಟ್ಟೆವು. ಬಾರದೆ ಇರುವುದು ಹೇಗೆ? ನಮ್ಮ ಈ ಮೂರು ತಾಲೂಕಿಗೆ ಟೀವಿ ಬರುವ ಎಷ್ಟೋ ಮೊದಲೇ ಖಳರು ಬಂದಿದ್ದರು, ರಾತ್ರಿಯಿಡೀ ಕುಣಿದಿದ್ದರು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆ ದಿಲ್ಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಕಲಿತು ಬಂದು ಅದೇ ಮೇಳವನ್ನು ನಡೆಸಿದರು. ಕರ್ಕಿಯ ಮೇಳ ಅದಕ್ಕೂ ಹಳೆಯದು. 1840ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತರ ಮೇಳವೊಂದು ಸಾಂಗ್ಲಿಯ ದೊರೆಯ ಮುಂದೆ ಆಟ ಆಡಿತು. ಅದನ್ನು ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಶುರುವಾಯಿತು. ಆ ಮೇಳ ಕರ್ಕಿಯದೇ ಎಂದು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಭಾವೆಯವರ ಆ ನಾಟಕಗಳಲ್ಲಿ ರಾಕ್ಷಸರ ಅಬ್ಬರದ ಪ್ರವೇಶಕ್ಕೆ ದೊಡ್ಡ ಹೆಸರಿತ್ತು. ತೆರೆಯ ಹಿಂದಿನಿಂದ ಕೂಗು ಹಾಕಿ, ಸ್ವಲ್ಪ ಸ್ವಲ್ಪವೇ ಮುಖ ತೋರಿಸಿ, ಮಕ್ಕಳನ್ನು ಅಮ್ಮನ ಸೆರಗಿನೊಳಗೆ ಓಡಿಸುವ ಬಣ್ಣದ ವೇಷವನ್ನು ಕಂಡವರಿಗೆ ಆ ಅಬ್ಬರದ ತವರೂರು ಯಾವುದೆಂದು ಹೇಳಿಕೊಡಬೇಕಾಗಿಲ್ಲ.

ಬಣ್ಣದ ವೇಷದ ಹೆದರಿಕೆ ಒಂದು ಬಗೆಯಾದರೆ ಕೀಚಕನದ್ದು ಇನ್ನೊಂದು ಬಗೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಎಂದರೆ ದೂರದೂರದಿಂದ ಜನ ನಡೆದು ಬರುತ್ತಿದ್ದರು. 1933ರಲ್ಲಿ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು, 2017ರ ಅಕ್ಟೋಬರ್ 3ರಂದು ತೀರಿಕೊಂಡ ಈ ಕಲಾವಿದ, ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಮುಂತಾದ ಪಾತ್ರಗಳಿಂದಲೇ ಮನೆಮಾತಾದವರು. ನೋಡಿ ಎಂಥ ಸಾಲು! ಒಬ್ಬರಾದರೂ ಒಳ್ಳೆಯವರಿದ್ದಾರೆಯೇ? ಸೈರಂಧ್ರಿಯನ್ನು ಕಂಡ ಕೀಚಕನ ಕಣ್ಣು ಅರಳುವುದು, ಹೆಜ್ಜೆ ತೇಲುವುದು, ಕುತ್ತಿಗೆ ಕೊಂಕುವುದು, ಇದನ್ನೆಲ್ಲ ಚಿಟ್ಟಾಣಿಯವರು ಎಷ್ಟು ಚಂದ ಮಾಡುತ್ತಿದ್ದರೆಂದರೆ ನೋಡುವವರಿಗೆ ಅವನ ಮೋಹವೇ ಹಿಡಿಯುತ್ತಿತ್ತು. ಹಿಡಿದ ಮೇಲೆ ಹೆದರಿಕೆಯಾಗುತ್ತಿತ್ತು. ಇಷ್ಟು ಚಂದ ಕಾಣುವ ಆಸೆ ಇಷ್ಟು ಕೆಟ್ಟದ್ದಾಗಬಹುದೇ, ಇವನ ಕಣ್ಣಿನಿಂದ ನಾನೂ ಒಂದು ಗಳಿಗೆ ನೋಡಿದೆನೇ ಎನ್ನುವ ಹೆದರಿಕೆ. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ರಾಕ್ಷಸನ ಹೆದರಿಕೆ ಬೆಳಗಾದರೆ ಹೋಗುತ್ತದೆ. ಇದು ಹೋಗುವುದಿಲ್ಲ.

ಕೀಚಕನ ಕಥೆಯಲ್ಲಿ ಒಂದು ಕೋರ್ಟೂ ಇದೆ, ಗಮನಿಸಿದ್ದೀರಾ? ತುಂಬಿದ ಸಭೆಯಲ್ಲಿ, ವಿರಾಟರಾಯನ ಕಣ್ಣೆದುರೇ ಕೀಚಕ ಸೈರಂಧ್ರಿಯನ್ನು ಒದೆಯುತ್ತಾನೆ. ಅವಳು ಅಲ್ಲೇ ನಿಂತು ನ್ಯಾಯ ಕೇಳುತ್ತಾಳೆ. ರಾಜ ಹೇಳುವುದೇನು? ನಿಮ್ಮಿಬ್ಬರ ನಡುವೆ ನನ್ನ ಕಣ್ಮರೆಯಲ್ಲಿ ಏನು ನಡೆಯಿತೋ ನನಗೆ ತಿಳಿಯದು, ನಿಜ ಗೊತ್ತಿಲ್ಲದೆ ಹೇಗೆ ತೀರ್ಪು ಕೊಡಲಿ, ಎಂಬ ಅರ್ಥದ ಮಾತು. ಕೀಚಕ ಅವನ ಭಾವಮೈದುನ, ಸೇನೆಯೆಲ್ಲ ಅವನ ಕೈಯಲ್ಲಿ. ರಾಜ ಹಾಗೆ ಹೇಳಿದ ಮೇಲೆ ಉಳಿದದ್ದು ನಡುರಾತ್ರಿಯ ನರ್ತನಶಾಲೆ, ಕತ್ತಲು, ಭೀಮನ ತೋಳು. ಜನ ಸಿಳ್ಳೆ ಹಾಕುತ್ತಾರೆ, ಚಂಡೆ ಮೊರೆಯುತ್ತದೆ. ನನಗೆ ಮಾತ್ರ ಆ ಹೊತ್ತಿನಲ್ಲೂ ಸಭೆಯಲ್ಲಿ ಒಂಟಿಯಾಗಿ ನಿಂತ ಹೆಣ್ಣಿನ ನೆನಪೇ ಬರುತ್ತದೆ. ಕೋರ್ಟು ಕೈಕಟ್ಟಿ ಕೂತರೆ ತೀರ್ಪು ಕತ್ತಲೆಗೆ ಹೋಗುತ್ತದೆ. ಇವತ್ತಿನ ಧಾರಾವಾಹಿಗಳಲ್ಲಿ ನಾಯಕನೇ ಖಳನನ್ನು ಗುಂಡಿಟ್ಟು ಕೊಂದಾಗ ಚಪ್ಪಾಳೆ ತಟ್ಟುವವರಿಗೆ ವಿರಾಟನ ಸಭೆಯನ್ನೊಮ್ಮೆ ತೋರಿಸಬೇಕು ಎಂದು ನನ್ನ ಆಸೆ.

ಆಟದ ಸುದ್ದಿ ಬಂದರೆ ತಾಳಮದ್ದಲೆಯ ಸುದ್ದಿಯೂ ಬರಬೇಕಲ್ಲ. ಮಳೆಗಾಲ ಹಿಡಿದು ಮೇಳಗಳು ಗಂಟುಮೂಟೆ ಕಟ್ಟಿದ ಮೇಲೆ, ಮಾಡಿನಿಂದ ನೀರು ಧೋ ಎಂದು ಸುರಿಯುವ ಹೊತ್ತಿನಲ್ಲಿ ಜಗುಲಿಯ ಮೇಲೆ ಭಾಗವತರು, ಮದ್ದಲೆ, ಎದುರುಬದುರು ಕೂತ ಅರ್ಥಧಾರಿಗಳು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದವರ ಬಾಯಿಂದ ರಾಮ ಬರಬೇಕು, ವಾಲಿ ಬರಬೇಕು. ಮಾತು ಯಾವುದೂ ಮೊದಲೇ ಬರೆದಿಟ್ಟದ್ದಲ್ಲ. ‘ವಾಲಿವಧೆ’ ಪ್ರಸಂಗ ಹಿಡಿಯಿತೆಂದರೆ ಅದು ಶುದ್ಧ ಕೋರ್ಟೇ. ಮರೆಯಲ್ಲಿ ನಿಂತು ಹೊಡೆದ ಬಾಣ ಎದೆಯಲ್ಲಿದೆ, ಜೀವ ಹೋಗುತ್ತಿದೆ, ವಾಲಿ ಕೇಳುತ್ತಾನೆ: ನಿನಗೂ ನನಗೂ ವೈರವೇನಿತ್ತು? ನಿನ್ನ ನಾಡಿನಲ್ಲಿ ನಾನೇನು ಕೆಡುಕು ಮಾಡಿದೆ? ಬೇರೆಯವನೊಡನೆ ಹೋರಾಡುತ್ತಿದ್ದವನನ್ನು ಅಡಗಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ಉತ್ತರ ಕೊಡಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧ ನಿನ್ನದು, ಈ ಭೂಮಿಯೆಲ್ಲ ಇಕ್ಷ್ವಾಕುಗಳ ಆಡಳಿತಕ್ಕೆ ಸೇರಿದ್ದು, ಭರತನ ಪರವಾಗಿ ದಂಡಿಸುವ ಅಧಿಕಾರ ನನಗಿದೆ ಎಂದು. ಅಧಿಕಾರ ವ್ಯಾಪ್ತಿಯ ಪ್ರಶ್ನೆಯನ್ನು ಯಾವ ವಕೀಲರು ಇದಕ್ಕಿಂತ ಚೆನ್ನಾಗಿ ಎತ್ತಿಯಾರು? ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರ ಅರ್ಥವನ್ನು ಕೇಳಿದವರು ಇವತ್ತಿಗೂ ಅದರ ಸುದ್ದಿ ಬಂದರೆ ನೆಟ್ಟಗೆ ಕೂರುತ್ತಾರೆ. ರಾಮಭಕ್ತರೇ ತುಂಬಿದ ಜಗುಲಿಯಲ್ಲಿ ವಾಲಿಯ ಪ್ರಶ್ನೆಗೆ ತಲೆದೂಗುತ್ತಾರೆ, ರಾಮನ ಉತ್ತರಕ್ಕೂ ತಲೆದೂಗುತ್ತಾರೆ, ಬೆಳಗಾದ ಮೇಲೆ ಚಹಾ ಕುಡಿಯುತ್ತ, ವಾಲಿಯ ಆ ಮೂರನೇ ಮಾತಿಗೆ ರಾಮನ ಸಮಾಧಾನ ಸಾಕಾಗಲಿಲ್ಲ ಮಾರಾಯ್ರೆ ಎಂದು ತಕರಾರು ತೆಗೆಯುತ್ತಾರೆ. ಇಷ್ಟರಿಂದ ಯಾರ ಭಕ್ತಿಯೂ ಕಡಿಮೆಯಾದದ್ದಿಲ್ಲ.

ನಾನು ಮನಸಾರೆ ಹೇಳಬೇಕೆಂದಿರುವುದು ಇದೇ. ಖಳನ ಮಾತನ್ನು ಕೊನೆಯವರೆಗೂ ಕೇಳುವ ಅಭ್ಯಾಸ ನಮ್ಮ ಕರಾವಳಿಗೆ ಹಳೆಯದು, ಅದು ದೊಡ್ಡ ಅಭ್ಯಾಸ. ರಂಗಸ್ಥಳಕ್ಕೆ ಬಂದ ಮೇಲೆ ದುರ್ಯೋಧನನಿಗೂ ಒಂದು ಪದ್ಯ ಇದ್ದೇ ಇರುತ್ತದೆ, ಅದಕ್ಕೆ ಅರ್ಥ ಹೇಳಲು ಬೇಕಾದಷ್ಟು ಹೊತ್ತೂ ಇರುತ್ತದೆ. ಕೇಳಿದ ಮೇಲೂ ಗದೆ ಅವನ ತೊಡೆಗೇ ಬೀಳುತ್ತದೆ. ಕೇಳಿಸಿಕೊಂಡದ್ದರಿಂದ ತೀರ್ಪು ಸಡಿಲವಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಈಗೀಗ ಬರುವ ಎಷ್ಟೋ ಧಾರಾವಾಹಿಗಳಲ್ಲಿ ಖಳನಿಗೆ ಮಾತೇ ಇಲ್ಲ. ಹುಬ್ಬು ಗಂಟಿಕ್ಕುವುದು, ಹಿಂದಿನಿಂದ ಢಂ ಎಂಬ ಸಂಗೀತ, ಒಂದೇ ಮುಖವನ್ನು ಮೂರು ಸಲ ತೋರಿಸುವುದು, ಅಷ್ಟೇ. ಅವನು ಯಾಕೆ ಕೊಂದ, ಕೊಲ್ಲುವ ಮುಂಚಿನ ರಾತ್ರಿ ತನಗೆ ತಾನೇ ಏನು ಹೇಳಿಕೊಂಡ ಎಂದು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಅದು ತಿಳಿಯದಿದ್ದರೆ ಅಂಥ ಮಾತು ನಮ್ಮ ಮನಸ್ಸಿನಲ್ಲೇ ಏಳುವಾಗ ನಮಗೆ ಗುರುತು ಸಿಗುವುದಾದರೂ ಹೇಗೆ?

ಇರಲಿ, ದೂರಿಗಿಂತ ಕಥೆ ಒಳ್ಳೆಯದು. ಒಳ್ಳೆಯ ಕಾನೂನು ಧಾರಾವಾಹಿ ಬೇಕೆನ್ನುವವರು ದೂರ ಹುಡುಕಬೇಕಾಗಿಲ್ಲ, ‘ಚಂದ್ರಹಾಸ’ ಪ್ರಸಂಗ ನೋಡಿದರೆ ಸಾಕು. ಲಕ್ಷ್ಮೀಶನ ಜೈಮಿನಿ ಭಾರತದಿಂದ ನಮ್ಮ ರಂಗಸ್ಥಳಕ್ಕೆ ಇಳಿದು ಬಂದ ಕಥೆ. ಕುಂತಳದ ಮಂತ್ರಿ ದುಷ್ಟಬುದ್ಧಿ. ಬೀದಿಯಲ್ಲಿ ಬೆಳೆಯುವ ಅನಾಥ ಹುಡುಗ ಮುಂದೆ ರಾಜನಾಗುತ್ತಾನೆ ಎಂದು ಬ್ರಾಹ್ಮಣರು ಹೇಳಿದ್ದೇ ತಡ, ಅವನನ್ನು ಕಾಡಿಗೊಯ್ದು ಕೊಲ್ಲಲು ಜನ ಕಳಿಸುತ್ತಾನೆ. ಕಟುಕರ ಮನಸ್ಸು ಕರಗುತ್ತದೆ. ಹುಡುಗನ ಕಾಲಿನಲ್ಲಿದ್ದ ಆರನೇ ಬೆರಳನ್ನು ಕತ್ತರಿಸಿ ತಂದು ಕೊಂದೆವೆಂದು ತೋರಿಸುತ್ತಾರೆ. ಮೊದಲ ಕಂತಿನಲ್ಲೇ ಎಂಥ ಸಾಕ್ಷ್ಯ! ವರ್ಷಗಳಾದ ಮೇಲೆ, ಚಂದನಾವತಿಯಲ್ಲಿ ಕುಳಿಂದನ ಸಾಕುಮಗನಾಗಿ ಬೆಳೆದು ನಿಂತ ಚಂದ್ರಹಾಸನನ್ನು ಕಂಡು ಮಂತ್ರಿಗೆ ಗುರುತು ಹತ್ತುತ್ತದೆ. ತನ್ನ ಮಗ ಮದನನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕೊಟ್ಟು ಕಳಿಸುತ್ತಾನೆ, ಬಂದವನಿಗೆ ವಿಷ ಕೊಡು ಎಂದು. ಉದ್ಯಾನದಲ್ಲಿ ಮಲಗಿದ್ದವನನ್ನು ಮಂತ್ರಿಯ ಮಗಳು ವಿಷಯೆ ನೋಡುತ್ತಾಳೆ, ಪತ್ರ ಓದುತ್ತಾಳೆ, ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿ ‘ವಿಷ’ವನ್ನು ‘ವಿಷಯೆ’ ಮಾಡುತ್ತಾಳೆ. ಮದನ ಪತ್ರ ನೋಡಿ ತಂಗಿಯನ್ನೇ ಧಾರೆಯೆರೆದು ಕೊಡುತ್ತಾನೆ. ಮೂರನೇ ಸಲ ದುಷ್ಟಬುದ್ಧಿ ಚಂಡಿಕೆಯ ಗುಡಿಯಲ್ಲಿ ಹಂತಕರನ್ನು ನಿಲ್ಲಿಸಿ ಅಳಿಯನನ್ನು ಪೂಜೆಗೆ ಕಳಿಸುತ್ತಾನೆ. ಅಳಿಯನ ಬದಲು ಮಗ ಹೋಗಿ ಸಾಯುತ್ತಾನೆ. ಕಂಬಕ್ಕೆ ತಲೆ ಚಚ್ಚಿಕೊಂಡು ಅಪ್ಪನೂ ಸಾಯುತ್ತಾನೆ. ಕೊನೆಗೆ ಚಂದ್ರಹಾಸ ದೇವಿಯನ್ನು ಬೇಡಿ ಇಬ್ಬರನ್ನೂ ಬದುಕಿಸುತ್ತಾನೆ.

ಬದುಕಿಸಿದ ಮೇಲೆ ಆಟ ಮುಗಿಯುತ್ತದೆ, ಮಂಗಳ ಹಾಡುತ್ತಾರೆ. ನನ್ನ ಧಾರಾವಾಹಿ ಶುರುವಾಗುವುದೇ ಅಲ್ಲಿಂದ. ಬದುಕಿ ಬಂದ ದುಷ್ಟಬುದ್ಧಿಯನ್ನು ಕಟಕಟೆಗೆ ತನ್ನಿ. ಭಾರತೀಯ ನ್ಯಾಯ ಸಂಹಿತೆಯ 61, ಒಳಸಂಚು. 109, ಕೊಲೆ ಯತ್ನ, ಅದೂ ಮೂರು ಸಲ. ಸತ್ತವನೇ ಎದ್ದು ಬಂದು ಕೋರ್ಟಿನಲ್ಲಿ ಕೂತಿರುವುದರಿಂದ 103, ಕೊಲೆ, ನಿಲ್ಲುತ್ತದೋ ಇಲ್ಲವೋ ಎಂಬುದರ ಮೇಲೆಯೇ ಒಂದು ವಾರದ ವಾದ. ಬೆರಳು ಕತ್ತರಿಸಿದ ಕಟುಕರು ಮಾಫಿಸಾಕ್ಷಿಗಳು. ದುಷ್ಟಬುದ್ಧಿಗೆ ಪೂರ್ತಿ ಒಂದು ಕಂತು ಕೊಡಬೇಕು, ಮಂತ್ರಿಯಾಗಿ ರಾಜ್ಯದ ಭದ್ರತೆಗಾಗಿ ಇದನ್ನೆಲ್ಲ ಮಾಡಿದೆ ಎಂದು ಅವನು ತಡೆಯಿಲ್ಲದೆ ಹೇಳಲಿ. ಆಮೇಲೆ ಮುಖ್ಯ ಸಾಕ್ಷಿ ವಿಷಯೆ. ಗಂಡನ ಜೀವ ಉಳಿಸಿದ ಆ ಪತ್ರವೇ ಅಪ್ಪನ ವಿರುದ್ಧದ ದಾಖಲೆ, ಅದರ ಮೇಲಿನ ಕಾಡಿಗೆ ಅವಳದೇ ಕೈಬರಹ. ಎದುರು ಪಕ್ಷದ ವಕೀಲರು ಎದ್ದು ಕೇಳುತ್ತಾರೆ: ಅಮ್ಮಾ, ಈ ಪತ್ರವನ್ನು ತಿದ್ದಿದ್ದು ನೀವೇ ಎಂದು ಒಪ್ಪಿಕೊಂಡಿದ್ದೀರಿ, ಹಾಗಾದರೆ ತಿದ್ದುವ ಮೊದಲು ಅಲ್ಲಿ ಏನಿತ್ತು ಎನ್ನುವುದಕ್ಕೆ ನಿಮ್ಮ ಮಾತು ಬಿಟ್ಟು ಬೇರೆ ಸಾಕ್ಷಿ ಯಾವುದು? ದಾಖಲೆ ತಿದ್ದಿದವರ ಮಾತನ್ನು ಕೋರ್ಟು ನಂಬಬೇಕೇ? ನನ್ನ ಮಟ್ಟಿಗೆ ನಂಬಬೇಕು. ಕಾಡಿಗೆಯ ಅಡಿಯಲ್ಲಿ ಅಪ್ಪನ ಶಾಯಿ ಇದ್ದೇ ಇರುತ್ತದೆ, ಕೈಬರಹ ತಜ್ಞರನ್ನು ಕರೆಸಿದರಾಯಿತು. ನೀವು ಆ ಪೀಠದಲ್ಲಿ ಕೂತಿದ್ದರೆ ಎಂತ ಮಾಡುತ್ತಿದ್ದಿರಿ, ಹೇಳಿ?